ಕಾವ್ಯಾಳಿಗೆ, ಮಡಿಕೇರಿಯಿಂದ

ಪ್ರೀತಿಯ ಕಾವ್ಯ,

ನಿನ್ನ ಪತ್ರ ಬಂತು. ಬೇರೆಲ್ಲ ಓದಿ ಸಂತೋಷವಾಯಿತು, ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. ‘ನಾವು ಹುಡುಕಲು ಹೋಗಿ, ಉತ್ತರ ಕೊರಿಯಾದಲ್ಲಿರುವ ಅತ್ತೆಯ ತಮ್ಮನಿಗೇ ತೊಂದರೆಯಾದರೆ?’ ಅಂತ ಕೇಳಿದ್ದೀಯ. ಕೊರಿಯಾ ಯುದ್ಧದಲ್ಲಿ ತಮ್ಮನನ್ನು ಅಲ್ಲೇ ಬಿಟ್ಟು ಬಂದು, ಈಗ ಅಮೆರಿಕದಲ್ಲಿರುವ ನಿನ್ನ ಗಂಡನ ತಾಯಿಯ ನೋವು ನನಗೂ ಗೊತ್ತು.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ನಿನ್ನ ತಾತ ಜನರಲ್ ತಿಮ್ಮಯ್ಯನವರ ಕಾಲದಲ್ಲಿ ಭಾರತದ ಸೇನೆಯ ಜೊತೆ ಕೊರಿಯಾಕ್ಕೆ ಹೋಗಿದ್ದು ಗೊತ್ತೇ ಇದೆ. 1953ರ ಜುಲೈನಲ್ಲಿ ಕದನವಿರಾಮವಾದ ಮೇಲೆ, ಊರಿಗೆ ಮರಳಲು ಒಪ್ಪದ ಉತ್ತರ ಕೊರಿಯಾ, ಚೀನಾದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ನಮ್ಮ ಪಡೆ ಕಾಯಬೇಕಾಯಿತು. ಅವರಲ್ಲಿ ಕೆಲವರು ತಮ್ಮ ಹೆಸರು ಹೇಳಲೂ ಹೆದರುತ್ತಿದ್ದರಂತೆ. ತಮಗೇನಾಗುತ್ತದೋ ಅಂತಲ್ಲ, ಊರಲ್ಲಿ ಉಳಿದ ಅಪ್ಪ ಅಮ್ಮನಿಗೆ ಏನಾಗುತ್ತದೋ ಅಂತ. 88 ಮಂದಿ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ, ತೈವಾನ್ ಕೂಡ ಬೇಡ ಅಂದು 1954ರಲ್ಲಿ ನಮ್ಮವರ ಜೊತೆ ಭಾರತಕ್ಕೇ ಬಂದರು. ಅವರ ಮನೆಯವರಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಅಂತ ತಾತ ಕೊನೆಗಾಲದಲ್ಲೂ ಕೇಳುತ್ತಿದ್ದರು. ನಾನು ತೋಟದ ಗಡಿಬಿಡಿಯಲ್ಲಿ ಹೂಂ ಅಂದು ಎದ್ದು ಹೋಗುತ್ತಿದ್ದೆ. ಒಂದು ಹೆಸರನ್ನಾದರೂ ಕೇಳಿ ಬರೆದಿಡಬಹುದಿತ್ತು. ಈಗ ಕೇಳೋಣವೆಂದರೆ ಅವರಿಲ್ಲ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ತಮ್ಮನನ್ನು ಹುಡುಕುವುದು ಬೇರೆ, ಅತ್ತೆಗೆ ನೆನಪಿರುವುದನ್ನು ಬರೆದಿಡುವುದು ಬೇರೆ, ಅಲ್ವಾ? 1950ರ ಡಿಸೆಂಬರಿನಲ್ಲಿ ಉತ್ತರದ ಹುಂಗ್ನಾಮ್ ಬಂದರಿನಲ್ಲಿ ದಕ್ಷಿಣಕ್ಕೆ ಹೊರಟ ಹಡಗು ಹತ್ತುವ ಮುಂಚೆ ಮನೆ ಹೇಗಿತ್ತು, ಹಳ್ಳಿ ಯಾವುದು, ತಂದೆಯ ಹೆಸರೇನು, ವಂಶದ ಮೂಲ ಊರು ಯಾವುದು, ತಮ್ಮನ ಮೈಮೇಲೆ ಮಚ್ಚೆ ಗಾಯ ಏನಾದರೂ ಇತ್ತಾ. ಎಲ್ಲ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಮನೆಯಲ್ಲೇ ಇಟ್ಟುಕೋ. 1983ರಲ್ಲಿ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿಯಲ್ಲಿ ಇಂಥ ಸಣ್ಣ ಗುರುತುಗಳನ್ನು ಹೇಳಿಕೊಂಡೇ 10,000ಕ್ಕೂ ಹೆಚ್ಚು ಕುಟುಂಬಗಳು ಒಂದಾದವು.

ಆದರೆ ಅದರಲ್ಲಿ ಉತ್ತರದವರು ಇರಲಿಲ್ಲ. ಅದಕ್ಕೇ ನನಗೂ ಧೈರ್ಯ ಸಾಲದು. 2000ದಿಂದ 2018ರವರೆಗೆ ಉತ್ತರ, ದಕ್ಷಿಣದ ಎರಡು ಸರ್ಕಾರಗಳು ಅಗಲಿದ ಕುಟುಂಬಗಳನ್ನು 21 ಸಲ ಭೇಟಿ ಮಾಡಿಸಿದವು. ಅಮೆರಿಕದಲ್ಲಿ ನೆಲೆಸಿದವರಿಗೆ ಅಂತ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. 2017ರಿಂದ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಉತ್ತರ ಕೊರಿಯಾಕ್ಕೆ ಹೋಗುವುದಕ್ಕೂ ನಿಷೇಧ. ಹಾಗಂತ ದುಡ್ಡು ಕೊಟ್ಟರೆ ಪತ್ರ ಮುಟ್ಟಿಸುತ್ತೇವೆ ಅನ್ನುವ ದಲ್ಲಾಳಿಗಳ ಹತ್ತಿರ ಮಾತ್ರ ಹೋಗಬೇಡ. ನಿನ್ನ ಭಯ ನಿಜವಾಗುವುದು ಅಂಥ ಕಡೆಯೇ. ದೂರ ಕೂತು ಇಷ್ಟೆಲ್ಲ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡ.

ಒಂದು ಮಾತು. ಪತ್ರದಲ್ಲಿ ನಿನ್ನ ಭಯವಿದೆ, ನಿನ್ನ ಗಂಡನ ಭಯವಿದೆ. ಅತ್ತೆ ಏನು ಹೇಳಿದರು ಅಂತ ಎಲ್ಲೂ ಇಲ್ಲ. ಅವರನ್ನು ಕೇಳಿದ್ದೀರಾ? ಆ ಊರು ಗೊತ್ತಿರುವುದು, ಆ ತಮ್ಮನ ಮುಖ ನೋಡಿರುವುದು ಅವರೊಬ್ಬರೇ. ಅವರು ಬೇಡ ಅಂದರೆ ಅಲ್ಲಿಗೇ ಬಿಡು. ಬೇಕು ಅಂದರೆ ನನಗೆ ಬರಿ.

ನಿನ್ನ ದೊಡ್ಡಪ್ಪ