ಗರ್ಭಿಣಿಯರಿಗಷ್ಟೇ ಯಾಕೆ ಎಚ್‌ಐವಿ ಪರೀಕ್ಷೆ?

ಸಂಪಾದಕರಿಗೆ ನಮಸ್ಕಾರ,

ಗರ್ಭಿಣಿ ಆಸ್ಪತ್ರೆಗೆ ಹೋದರೆ ಎಚ್‌ಐವಿ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಅದೇ ಹೆಂಗಸು ಪದೇ ಪದೇ ಬಿಳಿಸೆರಗು, ವಾಸಿಯಾಗದ ಕಿಬ್ಬೊಟ್ಟೆ ನೋವು ಅಂತ ಸ್ತ್ರೀರೋಗ ವಿಭಾಗಕ್ಕೆ ಹೋದರೆ ಎಷ್ಟೋ ಕಡೆ ಆ ಮಾತೇ ಬರುವುದಿಲ್ಲ. ಮಗುವಿಗೆ ಸೋಂಕು ತಗುಲಬಾರದು ಎನ್ನುವ ಕಾಳಜಿ ಸರಿಯೇ. ಆದರೆ ಪ್ರಪಂಚದಲ್ಲಿ ಎಚ್‌ಐವಿ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಅವರೆಲ್ಲ ಬಸಿರಿಯರೇ ಆಗಿರುವುದಿಲ್ಲ, ಅಲ್ವಾ?

ಗರ್ಭಕಂಠದ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಎಚ್‌ಐವಿ ಇರುವ ಮಹಿಳೆಯರಿಗೆ ಅದರ ಅಪಾಯ ಸುಮಾರು 6 ಪಟ್ಟು ಜಾಸ್ತಿ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ದೇಹದಲ್ಲೇ ಬೇರೂರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಉಳಿದವರಿಗೆ 30ರಿಂದ, ಇವರಿಗೆ 25ನೇ ವಯಸ್ಸಿನಿಂದಲೇ ಕ್ಯಾನ್ಸರ್ ತಪಾಸಣೆ ಶುರು ಮಾಡಿ ಎನ್ನುತ್ತದೆ. ಎಚ್‌ಐವಿ ಸೋಂಕು ಇರುವುದೇ ಗೊತ್ತಿಲ್ಲದಿದ್ದರೆ ಯಾರು ಶುರು ಮಾಡುವುದು?

ಹಾಗಂತ ಆಪರೇಷನ್‌ಗೆ ಮುಂಚೆ ಹೇಳದೆ ಕೇಳದೆ ರಕ್ತ ತೆಗೆದು, ಫೈಲ್ ಮೇಲೆ ಎಲ್ಲರಿಗೂ ಕಾಣುವಂತೆ ಕೆಂಪು ಶಾಯಿಯಲ್ಲಿ ಬರೆದರೆ ಅದು ಶುದ್ಧ ಅವಮಾನ. ಒಪ್ಪಿಗೆ ಬೇಕು, ಗುಟ್ಟು ಉಳಿಯಬೇಕು. ಪಾಸಿಟಿವ್ ಬಂದವರನ್ನು ಚೀಟಿ ಕೊಟ್ಟು ಸುಮ್ನೆ ಸಾಗಹಾಕದೆ, ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರುವಾಗುವವರೆಗೂ ವಿಚಾರಿಸಿಕೊಳ್ಳುವವರು ಬೇಕು. ಮಾತ್ರೆ ತಪ್ಪದೆ ನುಂಗಿ, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಇಷ್ಟು ಹೇಳಲು ಒಪಿಡಿಯಲ್ಲಿ ಪರದೆ ಎಳೆದ ಒಂದು ಮೂಲೆ, ಐದು ನಿಮಿಷ ಸಾಕು.

– ಓದುಗರೊಬ್ಬರು