ತಿಂಗಳು ಕೇಳಿದ ಆ ಒಬ್ಬರಿಗೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೂ ಈ ಮಾತು ನಿಮಗೆ ತಲುಪಲಿ.

ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಅಮೆರಿಕಕ್ಕೆ ತರಿಸಿಕೊಳ್ಳಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಕಾರಿಗೆ 25 ವರ್ಷ ತುಂಬಿದ್ದರೆ ಅಲ್ಲಿನ ಸುರಕ್ಷತಾ ನಿಯಮಗಳ ತೊಡಕಿಲ್ಲ. ಜಾಹೀರಾತಿನಲ್ಲಿದ್ದ ಇಸವಿ ಸರಿಯಾಗೇ ಇತ್ತು. ಜನವರಿಯಲ್ಲೇ ಹಡಗಿಗೆ ಹಾಕಿಸಲು ಹೊರಟಿದ್ದೆ.

ಆಗ ನೀವು ಕೇಳಿದ್ದು ಒಂದೇ ಪ್ರಶ್ನೆ: "ಯಾವ ತಿಂಗಳು ತಯಾರಾದದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. 25 ವರ್ಷದ ಲೆಕ್ಕ ಶುರುವಾಗುವುದು ಕಾರು ತಯಾರಾದ ದಿನದಿಂದ, ಮಾಡೆಲ್ ಇಸವಿಯಿಂದಲ್ಲ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದಿರಿ. ಕಾಗದದಲ್ಲಿರುವ ಮೊದಲ ನೋಂದಣಿ ದಿನಾಂಕವೂ ಬೇರೆಯೇ ಅಲ್ವಾ! ಜಪಾನಿನಲ್ಲೇ ಮಾರಲು ಮಾಡಿದ ಕಾರುಗಳಿಗೆ 17 ಅಕ್ಷರದ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಇರುವುದಿಲ್ಲ, ಚಿಕ್ಕದೊಂದು ಚಾಸಿ ನಂಬರ್ ಅಷ್ಟೇ. ಅದನ್ನು ನೋಡಿ ಇಸವಿ ಓದಲು ಆಗುವುದಿಲ್ಲ. ನೀವು ಆ ನಂಬರನ್ನು ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ಹುಡುಕಿ ಅಕ್ಟೋಬರ್ ಎಂದು ತಿಳಿಸಿದಿರಿ. ಸೀಟ್ ಬೆಲ್ಟಿನ ಬುಡದ ಚೀಟಿಯ ಫೋಟೋ ತರಿಸಿ ಎಂದೂ ಹೇಳಿದಿರಿ. ಅದರಲ್ಲಿ ಸೆಪ್ಟೆಂಬರ್ ಇತ್ತು. ಬೆಲ್ಟ್ ತಯಾರಾಗುವ ಮೊದಲೇ ಅದೇ ಬೆಲ್ಟ್ ಹಾಕಿದ ಕಾರು ಹೊರಬರುವುದುಂಟಾ?

ಜನವರಿಯಲ್ಲಿ ಕಳಿಸಿದ್ದರೆ ಕಾರು ಬಂದರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮಾರುವವರು ಕಾಯಲು ಒಪ್ಪಿದರು. ನವೆಂಬರಿನಲ್ಲಿ ಕಾರು ಒಂದೂ ತಕರಾರಿಲ್ಲದೆ ಕೈಸೇರಿತು.

ಪರಿಚಯವೇ ಇಲ್ಲದ ನನಗೋಸ್ಕರ ನಿಮ್ಮ ಒಂದು ಸಂಜೆ ಪೂರ್ತಿ ಕೊಟ್ಟಿರಿ. ತುಂಬಾ ಧನ್ಯವಾದಗಳು.