ಕಾರ್ಡ್ ನಂಬರ್ 38 ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೊಂದು ಪತ್ರ

ಎಲ್ಲರಿಗೂ ನಮಸ್ಕಾರ.

ಕಹಿ ಸುದ್ದಿ ಮೊದಲು. ಪುಟ್ಟ ಊರುಗಳ ನಕ್ಷೆ ಕಾರ್ಡಿನ ಸೆಟ್ಟಿಗೆ ಮುಂದಿನ ತಿಂಗಳಿಂದ 380 ಅಲ್ಲ, 430 ರೂಪಾಯಿ. 38ನೇ ಕಾರ್ಡು, ಅಂದರೆ ಅಮೆರಿಕದ ಅಲಾಸ್ಕಾ ರಾಜ್ಯದ ಯೂಪಿಕ್ ಎಂಬ ಮೂಲನಿವಾಸಿ ಜನರ ಊರು ನ್ಯೂಟಾಕ್, ಪೂರ್ತಿ ಹೊಸದಾಗಿ ಬರುತ್ತದೆ. ಹಳೆಯ ಸೆಟ್ ಕೊಂಡವರಿಗೆ ಆ ಕಾರ್ಡು ಉಚಿತ.

ಈ ಒಂದು ಕಾರ್ಡಿಗಾಗಿ ನಾವು ತಿಂದಷ್ಟು ಬೈಗುಳ ಉಳಿದ ಎಲ್ಲ ಕಾರ್ಡು ಸೇರಿಸಿದರೂ ತಿಂದಿಲ್ಲ. "ನಿಮ್ಮ ನಕ್ಷೆ ತಪ್ಪು. ಫೋನಿನಲ್ಲಿ ಹುಡುಕಿದರೆ ಜನ ಇರೋದು ಹೊಳೆಯ ಆಚೆ, ನೀವು ಚುಕ್ಕಿ ಇಟ್ಟಿರೋದು ಈಚೆ." "354 ಜನ ಅಂತ ಹಾಕಿದ್ದೀರಿ, ಜನಗಣತಿಯಲ್ಲಿ 209 ಇದೆ." ಒಬ್ಬರು ಮೇಷ್ಟ್ರು ಕೆಂಪು ಇಂಕಿನಲ್ಲಿ ತಿದ್ದಿ, ಮಾರ್ಕ್ಸ್ ಹಾಕಿ ವಾಪಸ್ ಕಳಿಸಿದ್ದಾರೆ. ಹತ್ತಕ್ಕೆ ಎರಡು.

ತಪ್ಪು ನಮ್ಮದೇ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಚುಕ್ಕಿ ಸರಿಯಾಗಿಯೇ ಇತ್ತು. ಊರು ಎದ್ದು ಹೋಯಿತು.

ನ್ಯೂಟಾಕ್ ಇದ್ದದ್ದು ಯೂಕಾನ್ ಮತ್ತು ಕುಸ್ಕೊಕ್ವಿಮ್ ಎಂಬ ಎರಡು ದೊಡ್ಡ ನದಿಗಳು ಬೇರಿಂಗ್ ಸಮುದ್ರ ಸೇರುವ ಬಯಲಿನಲ್ಲಿ, ನಿಂಗ್ಲಿಕ್ ಎಂಬ ಹೊಳೆಯ ದಂಡೆಯ ಹತ್ತಿರ. ಮರ ಇಲ್ಲ, ಗುಡ್ಡ ಇಲ್ಲ. ನೀರು, ಹುಲ್ಲು, ಕೆಸರು. ಊರೊಳಗೆ ಓಡಾಡಲು ಕೆಸರಿನ ಮೇಲೆ ಹಲಗೆ ಹಾಸಿದ ದಾರಿ. ಸ್ವಲ್ಪ ದೊಡ್ಡ ಪಟ್ಟಣವೆಂದರೆ ಬೆತೆಲ್, ಅದೂ ಸುಮಾರು 150 ಕಿಲೋಮೀಟರ್ ದೂರ. ಅಲ್ಲಿಗೆ ರಸ್ತೆಯೇ ಇಲ್ಲ, ಪುಟ್ಟ ವಿಮಾನ ಹತ್ತಬೇಕು. ದೊಡ್ಡ ಸಾಮಾನು ಬೇಸಿಗೆಯಲ್ಲಿ ಬಾರ್ಜ್ ದೋಣಿಯಲ್ಲಿ ಬರಬೇಕು. ("ಆ ಊರಿಗೆ ಯಾವ ಬಸ್ಸು?" ಎಂದು ಕೇಳಿದ ನಾಲ್ಕನೇ ಕ್ಲಾಸಿನ ಪುಟ್ಟಿಗೂ ಇದೇ ಉತ್ತರ.)

ಅಲ್ಲಿನ ನೆಲ ವರ್ಷವಿಡೀ ಒಳಗೊಳಗೇ ಹೆಪ್ಪುಗಟ್ಟಿರುವಂಥದ್ದು. ಆ ಹೆಪ್ಪು ಕರಗತೊಡಗಿತು. ಕರಗಿದ ದಂಡೆಯನ್ನು ಹೊಳೆ ವರ್ಷಕ್ಕೆ ಸರಾಸರಿ 70 ಅಡಿಯಂತೆ ತಿನ್ನುತ್ತಾ ಬಂತು. ಸುಮಾರು ಎರಡು ಬಸ್ಸಿನ ಉದ್ದ ಅಂದುಕೊಳ್ಳಿ, ಪ್ರತಿ ವರ್ಷ. ಊರಿನವರು ಜಾಗ ಬದಲಿಸುವ ಮಾತು ಎತ್ತಿದ್ದು 1990ರ ದಶಕದಲ್ಲಿ. ಹೊಳೆಯಾಚೆ ನೆಲ್ಸನ್ ದ್ವೀಪದಲ್ಲಿ, ಸುಮಾರು 14 ಕಿಲೋಮೀಟರ್ ದೂರದ ಎತ್ತರದ ಗಟ್ಟಿ ನೆಲ ನೋಡಿಕೊಂಡರು. ಅದು ಸರ್ಕಾರದ ವನ್ಯಜೀವಿ ಜಮೀನು. ತಮ್ಮ ಜಮೀನು ಕೊಟ್ಟು ಅದನ್ನು ಪಡೆಯಲು 2003ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯಿತು. ಮೊದಲ ಕುಟುಂಬಗಳು ಅಲ್ಲಿಗೆ ಹೋಗಿ ನೆಲೆಸಿದ್ದು 2019ರಲ್ಲಿ! ಕೊನೆಯವರು ಹೋದದ್ದು 2024ರಲ್ಲಿ. ಹೊಸ ಊರಿನ ಹೆಸರು ಮೆರ್ಟಾರ್ವಿಕ್. ಒರತೆಯಿಂದ ನೀರು ತುಂಬಿಕೊಳ್ಳುವ ಜಾಗ ಎಂದು ಅರ್ಥ.

ಇನ್ನು ಜನಸಂಖ್ಯೆ. ನಾವು ಹಾಕಿದ 354 ಸುಳ್ಳಲ್ಲ, 2010ರ ಗಣತಿಯದು. 2020ರಲ್ಲಿ ನ್ಯೂಟಾಕ್ ಲೆಕ್ಕ 209ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಅಷ್ಟು ಜನ ಎಲ್ಲಿ ಹೋದರು ಎಂದು ಗಾಬರಿಯಾಗಿ ಬರೆದಿದ್ದೀರಿ. ಎಲ್ಲೂ ಕಳೆದುಹೋಗಲಿಲ್ಲ. ಊರು ಅರ್ಧ ದಾರಿಯಲ್ಲಿದ್ದಾಗ ಎಣಿಸಿದರು. ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಆಗಲೇ ಮೆರ್ಟಾರ್ವಿಕ್ ಸೇರಿದ್ದರು, ಅವರ ಲೆಕ್ಕ ಬೇರೆ ಸಾಲಿನಲ್ಲಿದೆ. ಅಣ್ಣನ ಮನೆಯಲ್ಲಿ ಕೆಲವರು, ತಮ್ಮನ ಮನೆಯಲ್ಲಿ ಕೆಲವರು ಇದ್ದಾಗ ಒಂದೇ ಮನೆ ಎಣಿಸಿ ಸಂಸಾರ ಚಿಕ್ಕದಾಯಿತು ಅಂದ ಹಾಗೆ, ಅಲ್ವಾ? ಅಂದಹಾಗೆ, ಇಡೀ ಅಮೆರಿಕದ 2020ರ ಗಣತಿ ಶುರುವಾದದ್ದೇ ಆ ನೆಲ್ಸನ್ ದ್ವೀಪದಿಂದ. ಜನವರಿ 21ರಂದು, ಟೊಕ್ಸೂಕ್ ಬೇ ಎಂಬ ಇನ್ನೊಂದು ಯೂಪಿಕ್ ಹಳ್ಳಿಯ ಒಬ್ಬ ಅಜ್ಜಿಯಿಂದ. ಚಳಿಗಾಲದಲ್ಲಿ ನೆಲ ಗಟ್ಟಿಯಾಗಿರುತ್ತದೆ, ಓಡಾಡುವುದು ಸುಲಭ. ಹಿಮ ಕರಗಿದರೆ ಜನ ಮೀನು, ಬೇಟೆ ಎಂದು ಹೊರಟುಬಿಡುತ್ತಾರೆ, ಎಣಿಸಲು ಕೈಗೆ ಸಿಗುವುದಿಲ್ಲ.

ಹಾಗಾದರೆ ನಮ್ಮ ತಪ್ಪೇನು? ನಾವು 2022ರಲ್ಲಿ ಅಚ್ಚು ಹಾಕಿದೆವು. ಆ ಹೊತ್ತಿಗೆ ಊರಿನ ಒಂದು ಭಾಗ ಹೊಳೆ ದಾಟಿ ಮೂರು ವರ್ಷ ಆಗಿತ್ತು. ಹಳೆಯ ಅಂಕಿ ಎತ್ತಿಕೊಂಡೆವು, ಪಕ್ಕದಲ್ಲಿ ವರ್ಷ ಹಾಕಲಿಲ್ಲ. ಇದು ಸೋಮಾರಿತನ. ಕ್ಷಮಿಸಿ. ಇನ್ನು ಮುಂದೆ ಯಾವ ಕಾರ್ಡಿನಲ್ಲೂ ವರ್ಷವಿಲ್ಲದ ಜನಸಂಖ್ಯೆ ಇರುವುದಿಲ್ಲ.

ಆದರೆ "ತಪ್ಪು ಮಾಡಿದ್ದು ಅವರು, ರೇಟು ಏರಿಸಿದ್ದು ನಮಗೆ" ಎನ್ನುವ ಮಾತು ಮಾತ್ರ ನುಂಗಲಾಗುತ್ತಿಲ್ಲ. 50 ರೂಪಾಯಿ ಏರಿದ್ದು ನ್ಯೂಟಾಕ್‌ನಿಂದಲ್ಲ. ಆರ್ಟ್ ಕಾರ್ಡಿನ ಬೆಲೆ, ಲ್ಯಾಮಿನೇಶನ್, ಕಟಿಂಗ್ ಕೂಲಿ, ಕೊರಿಯರ್, ಎಲ್ಲವೂ ಏರಿವೆ. ನಾಲ್ಕು ವರ್ಷ ಸುಮ್ನೆ ತಡೆದುಕೊಂಡೆವು. 38ರ ಖರ್ಚು ಬೇರೆ, ಅದು ನಮ್ಮ ಜೇಬಿನಿಂದಲೇ ಹೋಗಿದೆ. ನಾಲ್ಕು ಬಣ್ಣಕ್ಕೆ ಹೊಸದಾಗಿ ನಾಲ್ಕು ಪ್ಲೇಟು. ಒಂದು ಸಾವಿರ ಶೀಟಿಗೆ ಕಡಿಮೆ ಆದರೆ ಪ್ರೆಸ್ಸಿನವರು ಮೆಷಿನ್ನೇ ಹತ್ತಿಸುವುದಿಲ್ಲ. ಗೋಡೌನಿನಲ್ಲಿದ್ದ 640 ಸೆಟ್ಟಿನ ಪ್ಲಾಸ್ಟಿಕ್ ಬಿಚ್ಚಿ, ಹಳೆಯ 38 ತೆಗೆದು, ಹೊಸದು ಸೇರಿಸಿ ಮತ್ತೆ ಕಟ್ಟಬೇಕು. ಇದಕ್ಕೆ ಮೆಷಿನ್ ಇಲ್ಲ, ನಾವು ಮೂವರು ಮತ್ತು ನಮ್ಮ ಮನೆಯವರು.

"ಮುನ್ನೂರು ಜನರ ಊರಿಗೆ ಇಷ್ಟೊಂದು ರಾಮಾಯಣ ಯಾಕೆ, ಆ ಕಾರ್ಡನ್ನೇ ತೆಗೆದುಬಿಡಿ" ಎಂದವರೂ ಇದ್ದಾರೆ. ತೆಗೆಯುವುದಿಲ್ಲ. ಈ ಸೆಟ್ಟಿಗೆ ಒಂದು ಊರನ್ನು ನಾವು ಆರಿಸುವುದೇ ಅದು ಪುಟ್ಟದು ಎಂಬ ಕಾರಣಕ್ಕೆ.

ಹೊಸ ಕಾರ್ಡಿನಲ್ಲಿ ಎರಡು ಚುಕ್ಕಿ ಇರುತ್ತವೆ. ಮೆರ್ಟಾರ್ವಿಕ್‌ಗೆ ತುಂಬಿದ ಚುಕ್ಕಿ, ನ್ಯೂಟಾಕ್‌ಗೆ ಬರೀ ಸುತ್ತು. ಹಳೆಯ ಕಾರ್ಡು ವಾಪಸ್ ಕಳಿಸಬೇಡಿ, ಬಿಸಾಡಲೂ ಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ. ಕೆಂಪು ಇಂಕಿನ ಮೇಷ್ಟ್ರಿಗೆ ಮೊದಲ ಕಾರ್ಡು ಈಗಾಗಲೇ ಹೊರಟಿದೆ, ಮಾರ್ಕ್ಸ್ ಸ್ವಲ್ಪ ಜಾಸ್ತಿ ಹಾಕಬೇಕು ಎಂಬ ಕೋರಿಕೆಯೊಂದಿಗೆ. ಉಳಿದವರು ಬಿಲ್ಲಿನ ಫೋಟೊ ಮತ್ತು ನಿಮ್ಮ ವಿಳಾಸವನ್ನು ಬಿಲ್ಲಿನ ಮೇಲಿರುವ ನಂಬರಿಗೆ ವಾಟ್ಸಾಪ್ ಮಾಡಿ. ಮನೆ ಬದಲಿಸಿದ್ದರೆ ಹೊಸ ವಿಳಾಸವನ್ನೇ ಕೊಡಿ, ದಯವಿಟ್ಟು.

ನಿಮ್ಮ,
ನಕ್ಷೆ ಕಾರ್ಡಿನ ಮೂವರು